ಊರಿಗೆ ಕರೆದೊಯ್ಯದ ಮೂರು ಕಾದಂಬರಿಗಳು

ಹೊರದೇಶದಲ್ಲಿ ಕನ್ನಡ ಕಾದಂಬರಿ ತೆರೆಯುವಾಗ ನಮ್ಮಂಥವರಿಗೆ ಒಂದು ಗುಟ್ಟಾದ ಆಸೆ ಇರುತ್ತದೆ: ಈ ಪುಸ್ತಕ ನಾಲ್ಕು ದಿನವಾದರೂ ನಮ್ಮನ್ನು ಊರಿಗೆ ಕರೆದುಕೊಂಡು ಹೋಗಲಿ ಎಂದು. ಹೊಳೆ, ಅಡಿಕೆ ತೋಟ, ಅಜ್ಜಿಯ ಮನೆಯ ಹಿತ್ತಿಲು ಸಿಕ್ಕರೆ ಸಾಕು, 'ತುಂಬಾ ಚೆನ್ನಾಗಿದೆ' ಎಂದು ಸ್ನೇಹಿತರಿಗೆ ಫೋನ್ ಮಾಡಿಬಿಡುತ್ತೇವೆ. ಈಚೆಗೆ ನಾವು ಓದಿದ ಮೂರು ಕಾದಂಬರಿಗಳು ಈ ಆಸೆಯನ್ನು ಪೂರೈಸಲಿಲ್ಲ. ಆದರೂ ಮೂರೂ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಅದರ ಬಗ್ಗೆ ನಾಲ್ಕು ಮಾತು. ಇದು ಪಂಡಿತರ ವಿಮರ್ಶೆಯಲ್ಲ. ಹಗಲೆಲ್ಲ ಕೋಡ್ ಬರೆದು ರಾತ್ರಿ ಪುಸ್ತಕ ಹಿಡಿಯುವವರ ಅನಿಸಿಕೆ.

ಮೊದಲನೆಯದು ವಸುಧೇಂದ್ರರ 'ತೇಜೋ-ತುಂಗಭದ್ರಾ' (2019). ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ ಸೀಮೆ. ಕಾಲ ಹದಿನೈದು-ಹದಿನಾರನೆಯ ಶತಮಾನ. ಯೆಹೂದಿ ಹುಡುಗಿ ಬೆಲ್ಲಾಳನ್ನು ಪ್ರೀತಿಸುವ ಬಡ ಹುಡುಗ ಗೇಬ್ರಿಯಲ್, ದುಡ್ಡು ಸಂಪಾದಿಸಿಕೊಂಡು ಮರಳುತ್ತೇನೆಂದು ಭಾರತದ ಹಡಗು ಹತ್ತುತ್ತಾನೆ. 'ಐದು ವರ್ಷ ದುಡಿದು ವಾಪಸ್ಸು' ಎಂದು ಹೇಳಿ ವಿಮಾನ ಹತ್ತಿದವರು ನಮ್ಮ ಪೈಕಿ ಎಷ್ಟು ಜನ ಇಲ್ಲ! ಇಲ್ಲಿಗೆ ಬಂದ ಮೇಲೆ ಅವನ ಧರ್ಮವೂ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ವಿಜಯನಗರವೆಂದರೆ ವೈಭವ ಎಂದು ಕೇಳಿ ಬೆಳೆದ ನಮಗೆ, ಲಿಸ್ಬನ್ನಿನ ಕ್ರೌರ್ಯವನ್ನೂ ನಮ್ಮ ನೆಲದ ಸತಿ, ಲೆಂಕರ ಆತ್ಮಬಲಿಗಳನ್ನೂ ಒಂದೇ ಕಣ್ಣಿನಿಂದ ನೋಡುವ ಲೇಖಕರ ಧೈರ್ಯ ಬಹಳ ಹಿಡಿಸಿತು. ಒಂದು ದೂರೂ ಇದೆ. ಘೋರ ಪ್ರಸಂಗಗಳು ಒಂದರ ಮೇಲೊಂದು ಬಂದು, ಕೆಲವು ಕಡೆ ಪಾತ್ರದ ದುಃಖ ನಮ್ಮೊಳಗೆ ಇಳಿಯುವಷ್ಟು ಹೊತ್ತೂ ಸಿಗುವುದಿಲ್ಲ.

ಎರಡನೆಯದು ಗುರುಪ್ರಸಾದ್ ಕಾಗಿನೆಲೆಯವರ 'ಹಿಜಾಬ್' (2017). ಲೇಖಕರು ಮಿನೆಸೋಟದಲ್ಲಿ ವೈದ್ಯರು. ಕಾದಂಬರಿ ನಡೆಯುವುದೂ ಅಲ್ಲಿಯದೇ ಒಂದು ಸಣ್ಣ ಊರಿನಲ್ಲಿ. ಜೆ-1 ವೀಸಾದ ಮೇಲೆ ಬಂದ ವೈದ್ಯರು ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಹಿಂತಿರುಗಬೇಕು; ಇಲ್ಲವೇ ವೈದ್ಯರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿದು ವಿನಾಯಿತಿ ಪಡೆಯಬೇಕು. ಹಾಗೆ ಗ್ರೀನ್ ಕಾರ್ಡಿನ ದಾರಿ ಕಾಯುವ ಭಾರತೀಯ ವೈದ್ಯರ ಎದುರಿಗೆ, ಆಫ್ರಿಕಾದಿಂದ ನಿರಾಶ್ರಿತರಾಗಿ ಬಂದು ಸಿಸೇರಿಯನ್ ಬೇಡವೆನ್ನುವ ಬಸುರಿಯರು. ವಲಸಿಗರೇ ವಲಸಿಗರನ್ನು 'ಇವರು ಯಾಕೆ ಈ ದೇಶಕ್ಕೆ ಹೊಂದಿಕೊಳ್ಳುವುದಿಲ್ಲ' ಎಂದು ಕೇಳುವ ಕಥೆ ಇದು. ಎಲ್ಕ್ ಗ್ರೋವ್ ವಿಲೇಜಿನ ನಮ್ಮ ಪಾಟ್‌ಲಕ್ ಊಟಗಳಲ್ಲಿ 'ಆ ಜನ' ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ಬಲ್ಲವರಿಗೆ ಈ ಪುಸ್ತಕ ಸುಲಭದ ಓದಲ್ಲ. ಆ ಹೆಂಗಸರನ್ನು ನಾವು ಹೆಚ್ಚಾಗಿ ವೈದ್ಯರ ಕಣ್ಣಿನಿಂದಲೇ ಕಾಣುತ್ತೇವೆ, ಅವರ ಮನಸ್ಸು ದೂರವೇ ಉಳಿಯುತ್ತದೆ. ಅದು ಕಾದಂಬರಿಯ ಮಿತಿ ಎನ್ನಬಹುದು. ನಮ್ಮ ಮಿತಿಯೂ ಅದೇ ಅಲ್ಲವೇ?

ಮೂರನೆಯದು ವಿವೇಕ ಶಾನಭಾಗರ 'ಸಕೀನಾಳ ಮುತ್ತು' (2021). ಹೆಚ್ಚು ಕಾಡಿದ್ದು ಇದೇ. ಕಥೆ ಹೇಳುವ ವೆಂಕಟರಮಣ ಬೆಂಗಳೂರಿನ ಸುಖವಂತ ಗೃಹಸ್ಥ, ಬದುಕನ್ನು ತಿದ್ದಿಕೊಳ್ಳುವ ಪುಸ್ತಕಗಳನ್ನು ನಂಬಿದವನು. ಒಂದು ದಿನ ಇಬ್ಬರು ಹುಡುಗರು ಬಾಗಿಲಿಗೆ ಬಂದು ಮಗಳು ರೇಖಾಳನ್ನು ಕೇಳುತ್ತಾರೆ. ಅಷ್ಟರಿಂದಲೇ ಮನೆ ಅಲುಗಾಡತೊಡಗುತ್ತದೆ. ಇವನೇನೂ ದುಷ್ಟನಲ್ಲ, ಹೆಂಡತಿಗೂ ಮಗಳಿಗೂ ಸ್ವಾತಂತ್ರ್ಯ 'ಕೊಟ್ಟಿದ್ದೇನೆ' ಎಂದುಕೊಂಡಿರುವವನು. ಆ 'ಕೊಟ್ಟಿದ್ದೇನೆ' ಎಂಬುದರಲ್ಲೇ ಎಲ್ಲ ಇದೆ. ಊರು ಇಲ್ಲಿಯೂ ಬರುತ್ತದೆ, ತೋಟವೂ ಬರುತ್ತದೆ. ಆದರೆ ಅಲ್ಲಿ ಸಿಗುವುದು ನೆಮ್ಮದಿಯಲ್ಲ, ಕಾಣೆಯಾದ ಸೋದರಮಾವನ ನೆನಪು ಮತ್ತು ಆಸ್ತಿಯ ಹಳೆಯ ಲೆಕ್ಕ. ಶೀರ್ಷಿಕೆಯ 'ಮುತ್ತು' ಕನ್ನಡದಲ್ಲಿ ಚುಂಬನವೂ ಹೌದು, ಮಣಿಯೂ ಹೌದು. ಇಂಗ್ಲಿಷ್ ಅನುವಾದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಆ ಅನುಮಾನ ಕನ್ನಡದ ಓದುಗರಿಗಷ್ಟೇ ಸಿಕ್ಕುವ ಪಾಲು. ಕೊನೆಗೆ ಎಲ್ಲವೂ ಬಿಡಿಸಿ ಹೇಳಿದಂತಿರಬೇಕು ಎನ್ನುವವರಿಗೆ ಈ ಕಾದಂಬರಿ ಅಸಮಾಧಾನ ತರಬಹುದು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಅನಿಸಿದ್ದು ಇಷ್ಟು. ನಾವು ಬಿಟ್ಟುಬಂದ ಊರನ್ನು ಹಾಗೇ ಜೋಪಾನ ಮಾಡಿಡುವ ಕೆಲಸವನ್ನು ಕನ್ನಡ ಕಾದಂಬರಿಗೆ ಹೊರಿಸಬಾರದು. ಅದಕ್ಕೆ ಫೋಟೋ ಆಲ್ಬಮ್ ಇದೆ. ಕಾದಂಬರಿ ನಮ್ಮ ಜೊತೆ ಈಗ ಮಾತಾಡಲಿ, ಜಗಳವನ್ನೂ ಆಡಲಿ.

ಮೂರಕ್ಕೂ ಇಂಗ್ಲಿಷ್ ಅನುವಾದಗಳಿವೆ. ಶಾನಭಾಗರದ್ದನ್ನು ಶ್ರೀನಾಥ್ ಪೆರೂರ್, ವಸುಧೇಂದ್ರರದ್ದನ್ನು ಮೈತ್ರೇಯಿ ಕರ್ಣೂರ್ ಮಾಡಿದ್ದಾರೆ. ಕನ್ನಡ ಓದಲು ಬಾರದ ಮಕ್ಕಳ ಕೈಗೆ ಒಂದನ್ನಾದರೂ ಕೊಟ್ಟು ನೋಡಿ. 'ಹಿಜಾಬ್' ಬಗ್ಗೆ ಅವರು ನಿಮಗಿಂತ ಬೇರೆಯೇ ಹೇಳಿದರೆ ಆಶ್ಚರ್ಯವಿಲ್ಲ. ಹೇಳಿದ್ದನ್ನು ನಮಗೂ ಬರೆದು ತಿಳಿಸಿ.