‘ಮೆಮೆಂಟೊ ಮೋರಿ’: ಪ್ರೇತಕಥೆಯೊಳಗಿನ ಪ್ರೇಮಕಥೆ
ದಕ್ಷಿಣ ಕೊರಿಯಾದಲ್ಲಿ 1998ರಲ್ಲಿ ತೆರೆಕಂಡ ‘ವಿಸ್ಪರಿಂಗ್ ಕಾರಿಡಾರ್ಸ್’ ಚಿತ್ರದ ಯಶಸ್ಸಿನ ಬೆನ್ನಲ್ಲೇ ಕಿಮ್ ತೇ-ಯೋಂಗ್ ಮತ್ತು ಮಿನ್ ಕ್ಯು-ಡೋಂಗ್ ಜೊತೆಯಾಗಿ ನಿರ್ದೇಶಿಸಿದ ‘ಮೆಮೆಂಟೊ ಮೋರಿ’ (1999), ಉತ್ತರಭಾಗವೆನಿಸಿಕೊಂಡರೂ ಹಿಂದಿನ ಕಥೆಯನ್ನಾಗಲಿ ಪಾತ್ರಗಳನ್ನಾಗಲಿ ಮುಂದುವರಿಸದೆ, ಹೆಣ್ಣುಮಕ್ಕಳ ಪ್ರೌಢಶಾಲೆ ಮತ್ತು ಅಲ್ಲಿ ಸುಳಿಯುವ ಪ್ರೇತ ಎಂಬ ಆವರಣವನ್ನಷ್ಟೇ ಉಳಿಸಿಕೊಂಡಿತು.

ಹ್ಯೋ-ಶಿನ್ ಮತ್ತು ಶಿ-ಉನ್ ಎಂಬ ಗೆಳತಿಯರು ಕೂಡಿ ಬರೆದ, ಪುಟಪುಟವೂ ಅಲಂಕಾರದಿಂದ ತುಂಬಿದ ದಿನಚರಿಯೊಂದು ಮಿನ್-ಆ ಎಂಬ ಸಹಪಾಠಿಗೆ ಸಿಗುತ್ತದೆ. ಅವಳು ಓದುತ್ತ ಹೋದಂತೆ ಗತಕಾಲವು ಯಾವ ಮುನ್ಸೂಚನೆಯೂ ಇಲ್ಲದೆ ವರ್ತಮಾನದೊಳಗೆ ನುಗ್ಗುವುದರಿಂದ, ಘಟನೆಗಳನ್ನು ಕ್ರಮವಾಗಿ ಜೋಡಿಸಿಕೊಳ್ಳುವ ಹೊಣೆ ಪ್ರೇಕ್ಷಕನದಾಗುತ್ತದೆ. ಈ ನಿರೂಪಣಾ ಕ್ರಮ ಬರಿಯ ಚಮತ್ಕಾರವಲ್ಲ, ಏಕೆಂದರೆ ಅಗಲಿದವರ ನೆನಪು ಮನಸ್ಸಿಗೆ ಮರಳುವುದೂ ಹೀಗೆಯೇ.

ಹೆಣ್ಣುಗಳಿಬ್ಬರ ಪ್ರೇಮದ ಬಗ್ಗೆ ಕೊರಿಯಾದ ಜನಪ್ರಿಯ ಸಿನಿಮಾ ಬಹುಮಟ್ಟಿಗೆ ಮೌನವಾಗಿದ್ದ ಕಾಲದಲ್ಲಿ, ಈ ಚಿತ್ರ ಅದನ್ನು ರೋಗವೆಂದಾಗಲಿ ಕುತೂಹಲದ ವಸ್ತುವೆಂದಾಗಲಿ ನೋಡದೆ ಪ್ರೇಮವಾಗಿಯೇ ಕಂಡಿತೆಂಬುದು ಅದರ ದೊಡ್ಡ ಹೆಗ್ಗಳಿಕೆ. ಕಿವಿಯ ತೊಂದರೆಯಿರುವ ಓಟಗಾರ್ತಿ ಶಿ-ಉನ್ ಸುತ್ತಲಿನವರ ದೃಷ್ಟಿಗೆ ಅಂಜಿ ದೂರ ಸರಿಯುವುದೂ, ಹ್ಯೋ-ಶಿನ್ ಶಾಲೆಯಲ್ಲೇ ಸಾವಿಗೀಡಾಗುವುದೂ ನಿಜವಾದ ಭಯಾನಕ ಸಂಗತಿಗಳು; ಅವುಗಳ ಮುಂದೆ ಪ್ರೇತದ ಆಟ ಎರಡನೆಯದು. ಕೊನೆಯ ಭಾಗದಲ್ಲಿ ಬಾಗಿಲುಗಳು ಮುಚ್ಚಿ, ಭಯದಿಂದ ಓಡಾಡುವ ವಿದ್ಯಾರ್ಥಿನಿಯರನ್ನು ಹ್ಯೋ-ಶಿನ್‌ಳ ಬೃಹತ್ ಮುಖ ಮೇಲಿನಿಂದ ದಿಟ್ಟಿಸುವ ದೃಶ್ಯ ತುಸು ಅತಿಯೆನಿಸಿದರೂ, ಆ ಮುಖದಲ್ಲಿ ಸೇಡಿಗಿಂತ ಹಂಬಲವೇ ಹೆಚ್ಚಾಗಿ ತೋರುತ್ತದೆ.