ಎಂಜಿನ್ ಇಲ್ಲದ ಓಟ

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನವೋ ನೆಲದ ವಿಂಚ್ ಯಂತ್ರವೋ ಎಳೆದು ಮೇಲೇರಿಸಿ ಬಿಟ್ಟ ಮೇಲೆ ಗಾಳಿಯೇ ಅದಕ್ಕೆ ಆಸರೆ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬಕ್ಕೆ ಥರ್ಮಲ್ ಎಂದು ಹೆಸರು. ಕೃಷ್ಣೆಯ ದಂಡೆಯ ಹಿಪ್ಪರಗಿಯಲ್ಲಿ ನೀರುಂಡ ಕಬ್ಬಿನ ಹೊಲಕ್ಕಿಂತ ಒಣಗಿದ ಎರೆಹೊಲ ಬೇಗ ಕಾಯುತ್ತದೆ; ಅಂಥ ನೆಲದ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಹದ್ದು ಹಿಡಿಯುವುದೂ ಈ ಗಾಳಿಯನ್ನೇ.

ಗ್ಲೈಡಿಂಗ್ ಕ್ಲಬ್ಬುಗಳ ಪೈಲಟ್‌ಗಳು ವಾರದುದ್ದಕ್ಕೂ ನಡೆಸುವ ಗೆಳೆತನದ ಸ್ಪರ್ಧೆಗೂ ಇದೇ ಆಧಾರ. ಬೆಳಿಗ್ಗೆ ಹವಾಮಾನ ನೋಡಿ ಆ ದಿನ ಸುತ್ತಬೇಕಾದ ತಿರುವು ಸ್ಥಳಗಳನ್ನು ಗೊತ್ತುಮಾಡುತ್ತಾರೆ. ಅವನ್ನು ಸುತ್ತಿ ಬಂದ ಸರಾಸರಿ ವೇಗಕ್ಕೆ ಅಂಕ. ಜಿಪಿಎಸ್ ದಾಖಲೆಯೇ ಸಾಕ್ಷಿ. ಹಳೆಯ, ಹೊಸ ಗ್ಲೈಡರುಗಳ ಅಂತರವನ್ನು ಹ್ಯಾಂಡಿಕ್ಯಾಪ್ ಲೆಕ್ಕ ಸರಿದೂಗಿಸುತ್ತದೆ.

1 ಕಿ.ಮೀ. ಎತ್ತರ ಕಳೆದು ಸುಮಾರು 40 ಕಿ.ಮೀ. ಸಾಗುವ ಗ್ಲೈಡರುಗಳು ಈಗ ಸಾಮಾನ್ಯ. ಸೋಲುಗೆಲುವು ಪೈಲಟ್‌ನ ಆಯ್ಕೆಯಲ್ಲಿದೆ. ಸೊರಗಿದ ಥರ್ಮಲ್ ಬಿಟ್ಟು ಬಲವಾದದ್ದರಲ್ಲೇ ಸುತ್ತಬೇಕು; ಮುಂದಿನ ಏರಿಕೆ ಬಲವಾಗಿದ್ದಷ್ಟೂ ನಡುವಿನ ದಾರಿಯನ್ನು ವೇಗವಾಗಿ ದಾಟಬೇಕು. 1956ರ ವಿಶ್ವ ಚಾಂಪಿಯನ್, ಅಮೆರಿಕದ ಪಾಲ್ ಮೆಕ್‌ಕ್ರೀಡಿ ಅವರ ಹೆಸರಿನಲ್ಲೇ ಈ ಸೂತ್ರ ಪ್ರಸಿದ್ಧ. ಗಾಳಿ ಕೈಕೊಟ್ಟರೆ ಯಾವುದೋ ಹೊಲದಲ್ಲಿ ಇಳಿಯುವುದೇ ಗತಿ. ಕಾಣದ ಗಾಳಿಯನ್ನು ಓದುವ ಜಾಣ್ಮೆಯೇ ಈ ಆಟದ ಹೆಚ್ಚುಗಾರಿಕೆ.