ಸೆನ್ಸರ್ ಹೇಳಿದ್ದು, ನೀರು ಹೇಳಿದ್ದು: ದೋಣಿ ಎಂಜಿನ್ನಿನ ದೋಷಪತ್ತೆ ಕೋಷ್ಟಕಗಳ ಒಂದು ವಿಮರ್ಶೆ

ಕಾರವಾರದ ಬೈತಖೋಲ ಮತ್ತು ಮಾಜಾಳಿ, ಅಂಕೋಲಾ ತಾಲ್ಲೂಕಿನ ಬೇಲೆಕೇರಿ, ಹಾರವಾಡ, ಕೇಣಿ, ಮಂಜಗುಣಿ ಮುಂತಾದ ಮೀನುಗಾರಿಕೆಯ ನೆಲೆಗಳು ಇಂದು ಎಂಜಿನ್ನುಗಳನ್ನೇ ನಂಬಿಕೊಂಡಿವೆ. ಸಮುದ್ರದ ನೀರೇ ಈ ಎಂಜಿನ್ನುಗಳನ್ನು ತಣ್ಣಗಿಡುತ್ತದೆ. ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಸರಳ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಆ ನೀರು ಹರಿಯುತ್ತಿದೆಯೇ ಎಂದು ತಿಳಿಯಲು ಇರುವ ಗುರುತು ಒಂದೇ: ಸಣ್ಣ ತೂತೊಂದರಿಂದ ಹೊರಗೆ ಚಿಮ್ಮುವ ನೀರಿನ ಎಳೆ. ಕಂಪ್ಯೂಟರ್ ನಿಯಂತ್ರಣವಿರುವ ಹೊಸ ಎಂಜಿನ್ನುಗಳ ಪೈಕಿ ಕೆಲವದರಲ್ಲಿ ಈ ಕಾವಲಿನ ಕೆಲಸವನ್ನು ನೀರಿನ ಒತ್ತಡ ಅಳೆಯುವ ಸೆನ್ಸರ್ ಮಾಡುತ್ತದೆ. ಒತ್ತಡ ಕುಸಿದರೆ ಅಲಾರಂ ಕೂಗುತ್ತದೆ, ನಿಯಂತ್ರಕವು ಎಂಜಿನ್ನಿನ ವೇಗವನ್ನು ತಾನೇ ತಗ್ಗಿಸುತ್ತದೆ.

ಅಲಾರಂ ಕೂಗಿದಾಗ ಏನು ಮಾಡಬೇಕು? ಎಂಜಿನ್ನಿನೊಂದಿಗೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ಇದಕ್ಕೊಂದು ಕೋಷ್ಟಕವಿರುತ್ತದೆ. ಅದರಲ್ಲಿ ಮೂರು ಕಲಮುಗಳು: ಲಕ್ಷಣ, ಸಂಭಾವ್ಯ ಕಾರಣ, ಪರಿಹಾರ. ಈ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಇಂತಹ ಕೋಷ್ಟಕಗಳ ಸಾಮಾನ್ಯ ಧಾಟಿಯನ್ನು. ಯಾವುದೇ ಒಂದು ಕಂಪನಿಯ ಕೈಪಿಡಿಯನ್ನಲ್ಲ. ಇವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಅಲುಗಾಡುವ ದೋಣಿಯಲ್ಲಿ ನಿಂತು ಓದಲು ಉದ್ದನೆಯ ವಿವರಣೆಗಿಂತ ಕೋಷ್ಟಕವೇ ಅನುಕೂಲ. ಆದರೆ ‘ನೀರಿನ ಒತ್ತಡ ಕಡಿಮೆ’ ಎಂಬ ಲಕ್ಷಣದ ಎದುರು ನೀರಿನ ಒಳದಾರಿ, ಪಂಪು, ಸೆನ್ಸರ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು, ಮುಂದೆ ‘ಪರೀಕ್ಷಿಸಿ, ಅಗತ್ಯವಿದ್ದರೆ ಬದಲಾಯಿಸಿ’ ಎಂದು ಮುಗಿಸಿದರೆ ಅತಿ ಮುಖ್ಯವಾದ ಪ್ರಶ್ನೆಯೇ ಉಳಿದುಬಿಡುತ್ತದೆ. ಸೆನ್ಸರ್ ಹೇಳುತ್ತಿರುವುದು ನಿಜವೇ, ಸುಳ್ಳೇ? ಅದನ್ನು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಎರಡು ಅನಾಹುತಗಳು ಸಾಧ್ಯ. ಮೊದಲನೆಯದು, ಸರಿಯಾಗಿರುವ ಸೆನ್ಸರನ್ನು ಕಿತ್ತು ಹೊಸದಕ್ಕೆ ದುಡ್ಡು ಸುರಿಯುವುದು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಸುಳ್ಳು ಎಚ್ಚರಿಕೆಗೆ ಬೇಸತ್ತು, ಸೆನ್ಸರಿನ ಜಾಗದಲ್ಲಿ ನಿಗದಿತ ರೋಧಕಗಳನ್ನು ಜೋಡಿಸಿ ನಿಯಂತ್ರಕಕ್ಕೆ ಸದಾ ‘ಎಲ್ಲವೂ ಸರಿ’ ಎಂದು ಹೇಳಿಸುವುದು. ಮುಂದೊಂದು ದಿನ ನೀರು ನಿಜವಾಗಿಯೂ ನಿಂತಾಗ ಎಚ್ಚರಿಸಲು ಯಾರೂ ಇರುವುದಿಲ್ಲ. ದಡದಿಂದ ಹತ್ತಾರು ಕಿಲೊಮೀಟರ್ ದೂರದಲ್ಲಿ ಪಿಸ್ಟನ್ ಬಿಗಿದು ಎಂಜಿನ್ ನಿಂತರೆ ನಷ್ಟವಾಗುವುದು ಎಂಜಿನ್ ಮಾತ್ರವಲ್ಲ. ದೋಣಿಯಲ್ಲಿರುವವರ ಜೀವವೂ ಗಾಳಿ ಮತ್ತು ಅಲೆಗಳ ಪಾಲಿಗೆ ಬೀಳುತ್ತದೆ.

ಒತ್ತಡವೇ ಹರಿವಲ್ಲ

ಎಂಜಿನ್ನಿಗೆ ಬೇಕಾದದ್ದು ನೀರಿನ ಹರಿವು. ಸೆನ್ಸರ್ ಅಳೆಯುವುದು ಒತ್ತಡವನ್ನು. ಇವೆರಡನ್ನೂ ಒಂದೇ ಎಂದು ಭಾವಿಸುವುದೇ ಕೋಷ್ಟಕದ ಮೊದಲ ದೋಷ.

ಒಂದು ಸ್ಥೂಲ ಲೆಕ್ಕ ಹಾಕೋಣ. ಸುಮಾರು 100 ಅಶ್ವಶಕ್ತಿಯ, ಅಂದರೆ 75 ಕಿಲೊವಾಟ್ ಸಾಮರ್ಥ್ಯದ ಎಂಜಿನ್ನು ಪೂರ್ಣ ವೇಗದಲ್ಲಿ ತಂಪು ನೀರಿಗೆ 60 ಕಿಲೊವಾಟ್ ಉಷ್ಣವನ್ನು ಬಿಟ್ಟುಕೊಡುತ್ತದೆ ಎಂದಿಟ್ಟುಕೊಳ್ಳಿ. ನೀರು 30 ಡಿಗ್ರಿ ಬಿಸಿಯಾಗಿ ಹೊರಬೀಳಬೇಕಾದರೆ ಸೆಕೆಂಡಿಗೆ ಸುಮಾರು ಅರ್ಧ ಲೀಟರ್ ಹರಿಯಬೇಕು. ಸಮುದ್ರದ ನೀರು 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೊರಬರುವ ನೀರು 58 ಡಿಗ್ರಿ ಇರುತ್ತದೆ. ಹರಿವು ಅರ್ಧಕ್ಕಿಳಿದರೆ ಅದೇ ಉಷ್ಣವನ್ನು ಅರ್ಧದಷ್ಟು ನೀರು ಹೊರಬೇಕಾಗಿ, ಉಷ್ಣತೆ 88 ಡಿಗ್ರಿಗೆ ಏರುತ್ತದೆ. ಸಮುದ್ರದ ನೀರನ್ನು ನೇರವಾಗಿ ಹರಿಸುವ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟನ್ನು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿಗೆ ಹೊಂದಿಸಲು ಒಂದು ಕಾರಣವಿದೆ. ಅದಕ್ಕಿಂತ ಬಿಸಿಯಾದಂತೆ ಲವಣಗಳು ಒಳದಾರಿಗಳಲ್ಲಿ ಗಟ್ಟಿಯಾಗಿ ಕೂರುವುದು ಹೆಚ್ಚುತ್ತದೆ.

ಈಗ ಒತ್ತಡದ ಮಾತು. ನೀರಿನ ದಾರಿ ಬದಲಾಗದೆ ಇದ್ದರೆ, ಸೆನ್ಸರ್ ತೋರಿಸುವ ಒತ್ತಡ ಸರಿಸುಮಾರು ಹರಿವಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹರಿವು ಅರ್ಧವಾದರೆ ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಾಗ, ಪಂಪಿನ ರಬ್ಬರ್ ಇಂಪೆಲರ್ ಸವೆದಾಗ ಆಗುವುದು ಇದೇ. ಇಲ್ಲಿ ಸೆನ್ಸರ್ ಒಳ್ಳೆಯ ಕಾವಲುಗಾರ.

ಆದರೆ ‘ದಾರಿ ಬದಲಾಗದೆ ಇದ್ದರೆ’ ಎಂಬ ಷರತ್ತನ್ನು ಮರೆಯಬಾರದು. ಸೆನ್ಸರಿನ ಮುಂದಿನ ದಾರಿಯಲ್ಲಿ ಲವಣ ಕಟ್ಟಿದರೆ ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದರೆ ಹರಿವು ಕಡಿಮೆಯಾಗುತ್ತದೆ, ಒತ್ತಡ ಹೆಚ್ಚುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದವರಿಗೆಲ್ಲ ಇದು ಗೊತ್ತು. ಆಗ ಒತ್ತಡದ ಅಲಾರಂ ಸುಮ್ಮನಿರುತ್ತದೆ, ಎಂಜಿನ್ ಕಾಯುತ್ತಲೇ ಇರುತ್ತದೆ. ‘ಒತ್ತಡ ಕಡಿಮೆ’ ಎಂಬ ಸಾಲು ಮಾತ್ರ ಇದ್ದು ‘ಒತ್ತಡ ಎಂದಿಗಿಂತ ಹೆಚ್ಚು’ ಎಂಬ ಸಾಲು ಇಲ್ಲದ ಕೋಷ್ಟಕ ಅರ್ಧ ಕೋಷ್ಟಕ.

ಸೆನ್ಸರ್ ಸುಳ್ಳು ಹೇಳುವ ಬಗೆಗಳು

ಸೆನ್ಸರಿನ ಒಳಗೆ ತೆಳುವಾದ ಪೊರೆಯೊಂದಿರುತ್ತದೆ. ನೀರಿನ ಒತ್ತಡಕ್ಕೆ ಅದು ಬಾಗಿದಾಗ ಅದರ ಮೇಲಿನ ಸೂಕ್ಷ್ಮ ರೋಧಕಗಳ ರೋಧ ಬದಲಾಗುತ್ತದೆ. ನಮ್ಮ ಪದವಿ ತರಗತಿಗಳ ವೀಟ್‌ಸ್ಟನ್ ಸೇತುವೆಯೇ ಇಲ್ಲಿ ಪುಟ್ಟ ರೂಪದಲ್ಲಿದೆ. ಹೊರಗೆ ಮೂರು ತಂತಿಗಳು: 5 ವೋಲ್ಟ್ ಪೂರೈಕೆ, ಅರ್ತ್ ಮತ್ತು ಸಂಕೇತ. ಸಾಮಾನ್ಯವಾಗಿ ಕಾಣುವ ಒಂದು ಬಗೆಯಲ್ಲಿ ಒತ್ತಡ ಸೊನ್ನೆಯಿದ್ದಾಗ ಸಂಕೇತ 0.5 ವೋಲ್ಟ್, ಗರಿಷ್ಠ ಒತ್ತಡದಲ್ಲಿ 4.5 ವೋಲ್ಟ್. ಸೊನ್ನೆಯನ್ನು 0.5ರಲ್ಲಿ ಇಟ್ಟಿರುವುದರ ಹಿಂದೆ ಜಾಣತನವಿದೆ. ತಂತಿ ತುಂಡಾದರೆ ಸಂಕೇತ 0 ಅಥವಾ 5 ವೋಲ್ಟಿನ ಕಡೆಗೆ ಹೋಗುವುದರಿಂದ, ‘ಒತ್ತಡವಿಲ್ಲ’ ಎಂಬುದನ್ನೂ ‘ಸುದ್ದಿಯೇ ಇಲ್ಲ’ ಎಂಬುದನ್ನೂ ನಿಯಂತ್ರಕ ಬೇರೆ ಬೇರೆಯಾಗಿ ಗುರುತಿಸಬಲ್ಲದು.

ಹೀಗೆ ಪೂರ್ತಿ ಸತ್ತ ಸೆನ್ಸರನ್ನು ಪತ್ತೆಮಾಡುವುದು ಸುಲಭ. ಕಷ್ಟ ಕೊಡುವುದು ಅರೆಬರೆ ಸುಳ್ಳು. 0–2 ಬಾರ್ ವ್ಯಾಪ್ತಿಯ ಸೆನ್ಸರೊಂದನ್ನು ತೆಗೆದುಕೊಳ್ಳಿ. ಉಪ್ಪುಗಾಳಿಗೆ ಅರ್ತ್ ತಂತಿಯ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು 20 ಓಮ್ ರೋಧ ಸೇರಿಕೊಂಡಿದೆ. ಸೆನ್ಸರ್ 10 ಮಿಲಿಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತಿದೆ. ಆಗ ಅರ್ತ್ ತುದಿಯೇ 0.2 ವೋಲ್ಟ್ ಮೇಲೇರಿ ಕೂರುತ್ತದೆ. ಲೆಕ್ಕ ಹಾಕಿದರೆ, ನಿಜವಾದ ಒತ್ತಡ 0.12 ಬಾರ್ ಇದ್ದಾಗ ನಿಯಂತ್ರಕಕ್ಕೆ 0.2 ಬಾರ್ ಎಂಬ ಸಂಕೇತ ತಲುಪುತ್ತದೆ. ನಿಧಾನ ವೇಗದಲ್ಲಿ 0.2 ಬಾರ್ ಇರಬೇಕಾದ ಎಂಜಿನ್ನಿಗೆ ಇದು ಸಣ್ಣ ತಪ್ಪಲ್ಲ. ಒತ್ತಡ ಶೇಕಡ 40ರಷ್ಟು ಕುಸಿದಿದ್ದರೂ ಅಲಾರಂ ಬಾಯಿ ಬಿಡುವುದಿಲ್ಲ. ಹೊಸ ಸೆನ್ಸರ್ ಹಾಕಿದರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ದೋಷವಿರುವುದು ತಂತಿಯಲ್ಲಿ.

ಇನ್ನೊಂದು ಬಗೆ ನಮ್ಮ ನದಿಮುಖಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಸೆನ್ಸರಿಗೆ ನೀರು ತಲುಪುವ ತೂತು ಒಂದು ಕುರುಡು ದಾರಿ. ಅದರೊಳಗೆ ಒತ್ತಡ ತಲುಪುತ್ತದೆಯೇ ಹೊರತು ನೀರು ಹರಿದು ಹೋಗುವುದಿಲ್ಲ. ಆದ್ದರಿಂದ ಒಮ್ಮೆ ಒಳಸೇರಿದ ಹೂಳು ತಾನಾಗಿ ತೊಳೆದುಹೋಗದು. ಮಳೆಗಾಲದಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಕೆಂಪು ಮಣ್ಣನ್ನು ಹೊತ್ತು ತರುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಭಾರಿ ಪ್ರಮಾಣದ ಮಣ್ಣು ನೇರವಾಗಿ ಗಂಗಾವಳಿಗೇ ಬಿದ್ದಿತು. ಇಂತಹ ನೀರನ್ನು ಹೀರುವ ಎಂಜಿನ್ನಿನಲ್ಲಿ ತೂತು ಪೂರ್ತಿ ಮುಚ್ಚಿಕೊಂಡರೆ ಸೆನ್ಸರ್ ಹಳೆಯ ಒತ್ತಡವನ್ನೇ ಹಿಡಿದುಕೊಂಡು ಕೂರಬಹುದು. ಅರ್ಧ ಮುಚ್ಚಿಕೊಂಡರೆ ಸುದ್ದಿ ತಡವಾಗಿ ತಲುಪುತ್ತದೆ.

ಎರಡನೆಯ ಸಾಕ್ಷಿ

ಮುಚ್ಚಿದ ತೂತಿನ ಪರಿಣಾಮ ಎಷ್ಟು ಘೋರವಾಗಬಹುದೆಂಬುದಕ್ಕೆ ವಿಮಾನಯಾನದಲ್ಲಿ ಉದಾಹರಣೆಯಿದೆ. ವಿಮಾನದ ವೇಗವನ್ನು ಅಳೆಯುವ ಪಿಟೊ ನಳಿಕೆಯೂ ಒಂದು ಒತ್ತಡಮಾಪಕವೇ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ಯೂರ್ಟೊ ಪ್ಲಾಟಾದಿಂದ ಮೇಲೇರಿದ ಬರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ 757 ವಿಮಾನದಲ್ಲಿ ಮುಖ್ಯ ಪೈಲಟ್‌ನ ಕಡೆಯ ನಳಿಕೆ ಮುಚ್ಚಿಹೋಗಿತ್ತು. ವಿಮಾನ ಮೇಲೇರಿದಂತೆ ಆ ಮಾಪಕ ಇಲ್ಲದ ವೇಗವನ್ನು ತೋರಿಸಿತು. ನಿಜವಾದ ವೇಗ ಕುಸಿದು ವಿಮಾನ ಸಮುದ್ರಕ್ಕೆ ಬಿದ್ದಿತು. ಒಳಗಿದ್ದ 189 ಮಂದಿಯೂ ಸತ್ತರು. ಸಹಪೈಲಟ್‌ನ ಎದುರಿನ ಮಾಪಕ ಸರಿಯಾಗಿಯೇ ಇತ್ತು. ಎರಡನೆಯ ಸಾಕ್ಷಿ ಕಣ್ಣೆದುರಿಗೇ ಇದ್ದರೂ ಅದರ ಮಾತನ್ನು ತೂಗಿ ನೋಡಲಾಗಲಿಲ್ಲ.

ದೋಣಿಯಲ್ಲೂ ಎರಡನೆಯ ಸಾಕ್ಷಿಗಳಿವೆ. ತೂತಿನಿಂದ ಚಿಮ್ಮುವ ನೀರಿನ ಎಳೆ ಹರಿವಿನ ಸಾಕ್ಷಿ. ಉಷ್ಣತಾಮಾಪಕ ಪರಿಣಾಮದ ಸಾಕ್ಷಿ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಸಮಾಜಗಳ ಅನುಭವಿಗಳು ನೀರಿನ ಎಳೆಯ ದಪ್ಪ ಮತ್ತು ಬಿಸಿಯನ್ನು ನೋಡಿಯೇ ಎಂಜಿನ್ನಿನ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಇದು ಭೌತವಿಜ್ಞಾನದ ದೃಷ್ಟಿಯಿಂದಲೂ ಸರಿಯಾದ ಕ್ರಮ. ಆದರೆ ಈ ಸಾಕ್ಷಿಗೂ ಮಿತಿಯಿದೆ. ಹಲವು ಎಂಜಿನ್ನುಗಳಲ್ಲಿ ಈ ಎಳೆ ಮುಖ್ಯ ದಾರಿಯಿಂದ ಕವಲೊಡೆದು ಬರುತ್ತದೆ. ಅದು ಚೆನ್ನಾಗಿ ಚಿಮ್ಮುತ್ತಿದ್ದರೂ ಸಿಲಿಂಡರಿನ ಸುತ್ತ ನೀರು ಸರಿಯಾಗಿ ಹರಿಯದೆ ಇರಬಹುದು. ಅದರ ತೂತಿಗೆ ಮರಳು ಸಿಕ್ಕಿದರೆ ಎಳೆ ನಿಂತರೂ ಎಂಜಿನ್ ತಣ್ಣಗಿರಬಹುದು. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು.

ಎರಡು ಮೀಟರ್ ಪಾರದರ್ಶಕ ನಳಿಕೆ

ಸೆನ್ಸರನ್ನು ಪರೀಕ್ಷಿಸಲು ಕಂಪನಿಯ ಕಂಪ್ಯೂಟರ್ ಉಪಕರಣವೇ ಬೇಕೆಂಬ ಭಾವನೆಯನ್ನು ಕೈಪಿಡಿಗಳು ಮೂಡಿಸುತ್ತವೆ. ಮೇಲೆ ಹೇಳಿದ ಮೂರು ತಂತಿಯ ಬಗೆಗೆ ಒಂದು ಮಲ್ಟಿಮೀಟರ್ ಮತ್ತು ಎರಡು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಸಾಕು. ಕ್ರಮ ಹೀಗಿರಬೇಕು:

1. ಅಲಾರಂ ಕೂಗಿದೊಡನೆ ವೇಗ ಇಳಿಸಿ, ನೀರಿನ ಎಳೆ ಮತ್ತು ಉಷ್ಣತೆಯನ್ನು ನೋಡಬೇಕು. ಎಳೆ ನಿಂತಿದ್ದರೆ ಎಂಜಿನ್ ನಿಲ್ಲಿಸಿ ನೀರು ಹೀರುವ ಜಾಲರಿಯನ್ನು ಪರೀಕ್ಷಿಸಬೇಕು. ರಬ್ಬರ್ ಇಂಪೆಲರಿಗೆ ನೀರೇ ಕೀಲೆಣ್ಣೆ. ಒಣಗಿದ ಪಂಪನ್ನು ಓಡಿಸಿದರೆ ಅದು ಬೇಗ ಸುಟ್ಟುಹೋಗುತ್ತದೆ.

2. ದಡಕ್ಕೆ ಬಂದ ಮೇಲೆ, ಎಂಜಿನ್ ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿ ಸಂಕೇತವನ್ನು ಅಳೆಯಬೇಕು. ಒತ್ತಡ ಸೊನ್ನೆಯಾದ್ದರಿಂದ 0.5 ವೋಲ್ಟ್ ಬರಬೇಕು. ಪ್ರಕೃತಿ ಪುಕ್ಕಟೆಯಾಗಿ ಕೊಟ್ಟ ಅಳತೆಯ ಬಿಂದು ಇದು.

3. ಸೆನ್ಸರಿನ ಅರ್ತ್ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವಣ ವೋಲ್ಟೇಜನ್ನು ನೋಡಬೇಕು. ಅದು ಸೊನ್ನೆಗೆ ತೀರ ಹತ್ತಿರವಿರಬೇಕು. ಇಲ್ಲದಿದ್ದರೆ ಕನೆಕ್ಟರುಗಳನ್ನು ಬಿಚ್ಚಿ ಕಿಲುಬನ್ನು ತೆಗೆಯಬೇಕು.

4. ತಂತಿ ಕಳಚದೆ ಸೆನ್ಸರನ್ನು ಎಂಜಿನ್ನಿನಿಂದ ಬಿಡಿಸಿ, ತೂತಿಗೆ ನಳಿಕೆ ಸಿಕ್ಕಿಸಿ, ನಳಿಕೆಯನ್ನು ನೆಟ್ಟಗೆ ಹಿಡಿದು ನೀರು ತುಂಬಬೇಕು. ಎರಡು ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 20,000 ಪಾಸ್ಕಲ್, ಅಂದರೆ 0.2 ಬಾರ್. ನಮ್ಮ ಉದಾಹರಣೆಯ ಸೆನ್ಸರ್ ಒಂದು ಮೀಟರಿಗೆ 0.7, ಎರಡು ಮೀಟರಿಗೆ 0.9 ವೋಲ್ಟ್ ತೋರಿಸಬೇಕು.

ಈ ನಾಲ್ಕರಲ್ಲೂ ಸೆನ್ಸರ್ ಪಾಸಾದರೆ ಅಲಾರಂ ಸತ್ಯವನ್ನೇ ಹೇಳುತ್ತಿದೆ, ಪಂಪನ್ನು ಬಿಚ್ಚಬೇಕು. ಸೆನ್ಸರಿನ ತೂತನ್ನು ಸ್ವಚ್ಛಗೊಳಿಸಿದ ಮೇಲೂ ಕೊನೆಯ ಪರೀಕ್ಷೆಯಲ್ಲಿ ಅದು ಸೋತರೆ ಮಾತ್ರ ಹೊಸದನ್ನು ಕೊಳ್ಳಬೇಕು. ಎತ್ತರ ಮತ್ತು ಒತ್ತಡದ ಈ ಸಂಬಂಧ ಪ್ರೌಢಶಾಲೆಯ ಪಠ್ಯದಲ್ಲಿಯೇ ಇದೆ. ಪರೀಕ್ಷೆಯಲ್ಲಿ ಅಂಕ ತಂದುಕೊಟ್ಟ ಆ ಸೂತ್ರ ಬಂದರಿನಲ್ಲಿಯೂ ಕೆಲಸಕ್ಕೆ ಬರುತ್ತದೆ ಎಂದು ಪಠ್ಯಪುಸ್ತಕ ಹೇಳುವುದಿಲ್ಲ. ಸೂತ್ರ ಗೊತ್ತಿಲ್ಲದವರೂ ಇದನ್ನು ಬಳಸಬಹುದೆಂದು ಕೈಪಿಡಿ ಹೇಳುವುದಿಲ್ಲ. ಎರಡೂ ಕಡೆಯ ಬರಹಗಾರರು ಈ ಕೊರತೆಗೆ ಹೊಣೆ.

ರಜೆಯ ದಿನಗಳ ಕೆಲಸ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಈ ಎರಡು ತಿಂಗಳಲ್ಲಿ ಸೆನ್ಸರಿನ ತೂತಿನಲ್ಲಿ ಉಪ್ಪು ಹರಳುಗಟ್ಟುತ್ತದೆ, ಕನೆಕ್ಟರ್ ಕಿಲುಬು ಹಿಡಿಯುತ್ತದೆ, ಮಡಚಿದಂತೆಯೇ ಉಳಿದ ಇಂಪೆಲರಿನ ರಬ್ಬರ್ ಎಲೆಗಳು ಅದೇ ಆಕಾರಕ್ಕೆ ಸೆಟೆದುಕೊಳ್ಳುತ್ತವೆ. ಆಗಸ್ಟ್ 1ರಂದು ಕಡಲಿಗಿಳಿಯುವ ಎಂಜಿನ್ನಿನಲ್ಲಿ ಈ ಮೂರೂ ಒಟ್ಟಿಗೇ ಇರಬಹುದು. ಒಂದೊಂದೂ ಅಲಾರಂ ಕೂಗಿಸಬಲ್ಲದು ಅಥವಾ ಅಲಾರಂನ ಬಾಯಿ ಮುಚ್ಚಿಸಬಲ್ಲದು.

ಮೇಲಿನ ಪರೀಕ್ಷೆಗಳಿಗೆ ನಿಷೇಧದ ಅವಧಿಯೇ ತಕ್ಕ ಕಾಲ. ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಮಲ್ಟಿಮೀಟರ್ ಹಿಡಿದು ಬಂದರಿಗೆ ಹೋದರೆ ಅವರಿಗೆ ಪ್ರಯೋಗಶಾಲೆಯಲ್ಲಿ ಸಿಗದ ಪಾಠ ಸಿಗುತ್ತದೆ, ಮೀನುಗಾರರಿಗೆ ತಮ್ಮ ಎಂಜಿನ್ನಿನ ಲೆಕ್ಕ ಸಿಗುತ್ತದೆ. ಪ್ರತಿ ದೋಣಿಯ ಸೊನ್ನೆ ಒತ್ತಡದ ವೋಲ್ಟೇಜು, ಎರಡು ಮೀಟರ್ ನೀರಿನ ವೋಲ್ಟೇಜು, ಇಂಪೆಲರ್ ಬದಲಿಸಿದ ದಿನಾಂಕ ಇಷ್ಟನ್ನು ಚೀಟಿಯೊಂದರಲ್ಲಿ ಕನ್ನಡದಲ್ಲಿ ಬರೆದು ಎಂಜಿನ್ನಿನ ಮುಚ್ಚಳದ ಒಳಗೆ ಅಂಟಿಸಲಿ. ಎಂಜಿನ್ ಆರೋಗ್ಯವಾಗಿದ್ದಾಗ ತೋರಿಸಿದ ಅಂಕಿ ಗೊತ್ತಿದ್ದವರಿಗೆ ಮಾತ್ರ ಕಾಯಿಲೆ ಬಿದ್ದಾಗಿನ ಅಂಕಿಯ ಅರ್ಥ ತಿಳಿಯುತ್ತದೆ. ಯಾವ ಕಂಪನಿಯ ಕೋಷ್ಟಕದಲ್ಲಿಯೂ ಮುಂದಾಗಿ ಅಚ್ಚು ಮಾಡಲು ಬಾರದ ಈ ಒಂದು ಸಾಲನ್ನು ಆಯಾ ದೋಣಿಯವರೇ ಬರೆದುಕೊಳ್ಳಬೇಕು.